ಲೇಬಲ್ ಇರುವ ಮ್ಯಾಟ್ರಿಕ್ಸ್‌ಗಳಿಗೆ ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಬರುವ ತಿಂಗಳ 1ನೇ ತಾರೀಕಿನಿಂದ ಅಡ್ಡಸಾಲು, ಕಂಬಸಾಲುಗಳಿಗೆ ಹೆಸರು (ಲೇಬಲ್) ಹಾಕಬೇಕಾದ ಪ್ರತಿ ಮ್ಯಾಟ್ರಿಕ್ಸ್‌ಗೆ, ಅಂದರೆ ಬ್ರಾಕೆಟ್ ಒಳಗೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳ ಪಟ್ಟಿಗೆ, 40 ರೂಪಾಯಿ ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ಪುಟದ ದರ ಹಾಗೇ ಇರುತ್ತದೆ. ಥೀಸಿಸ್ ಮುಗಿಸುವ ಹೊತ್ತಿಗೆ ಕೈ ಎಷ್ಟು ಬಿಗಿಯಾಗಿರುತ್ತದೆ ಅಂತ ನಮಗೆ ಗೊತ್ತು. ಬೇಜಾರಾಗಿದ್ದರೆ ಕ್ಷಮಿಸಿ.

"ಲೇಟೆಕ್ ಪುಕ್ಕಟೆ ಸಿಗುತ್ತೆ ಅಲ್ವಾ? ಪಕ್ಕದಲ್ಲಿ ನಾಲ್ಕು ಹೆಸರು ಹಾಕೋಕೆ ಬೇರೆ ದುಡ್ಡು ಯಾಕೆ?" ಈ ಮಾತು ತುಂಬಾ ಸಲ ಕಿವಿಗೆ ಬಿದ್ದಿದೆ. ನಾವು ಗಣಿತ ಟೈಪ್ ಮಾಡೋಕೆ ಬಳಸುವ ಲೇಟೆಕ್ ಸಾಫ್ಟ್‌ವೇರ್ ಪುಕ್ಕಟೆ, ನಿಜ. ಕೂತು ಕೆಲಸ ಮಾಡುವವರ ಹೊತ್ತು ಪುಕ್ಕಟೆ ಅಲ್ಲ.

ಮಾಮೂಲಿ ಮ್ಯಾಟ್ರಿಕ್ಸ್‌ನಲ್ಲಿ ಟೈಪ್ ಮಾಡಿದ್ದೆಲ್ಲ ಬ್ರಾಕೆಟ್ ಒಳಗೇ ಹೋಗುತ್ತದೆ. ಹೆಸರನ್ನೂ ಅಲ್ಲೇ ಸೇರಿಸಿದರೆ 2×2 ಇದ್ದದ್ದು 3×3 ಆಗಿ ಕಾಣುತ್ತದೆ, ಗಣಿತವೇ ತಪ್ಪುತ್ತದೆ. ಲೇಟೆಕ್‌ಗೆ ಮೂಲವಾದ ಟೆಕ್ ಜೊತೆಗೇ ಬರುವ ಬಾರ್ಡರ್‌ಮ್ಯಾಟ್ರಿಕ್ಸ್ ಅನ್ನುವ ಕಮಾಂಡ್ ಹೆಸರನ್ನು ಹೊರಗಿಡುತ್ತದೆ. ಆದರೆ ಮೇಲೆ ಮತ್ತು ಎಡಕ್ಕೆ ಮಾತ್ರ, ಅದೂ ದುಂಡು ಬ್ರಾಕೆಟ್‌ನಲ್ಲಿ. ಗೈಡ್ ಚೌಕ ಬ್ರಾಕೆಟ್ ಕೇಳಿದರೆ, ಬಲಗಡೆ ಮೊತ್ತ ಬರಬೇಕು ಅಂದರೆ, ಅದು ಸಾಲದು. ಅದಕ್ಕೇ ಎಲ್ಲವನ್ನೂ ಲೇಟೆಕ್‌ಗೆ ಸೇರಿಸಿಕೊಳ್ಳುವ ನೈಸ್‌ಮ್ಯಾಟ್ರಿಕ್ಸ್ ಪ್ಯಾಕೇಜ್‌ಗೆ ಬದಲಿಸಿದ್ದೇವೆ. ಫಸ್ಟ್-ರೋ, ಫಸ್ಟ್-ಕಾಲ್ ಅಂತ ಕೊಟ್ಟರೆ ಮೊದಲ ಅಡ್ಡಸಾಲು, ಮೊದಲ ಕಂಬಸಾಲು ಬ್ರಾಕೆಟ್‌ನ ಆಚೆ ನಿಲ್ಲುತ್ತವೆ. ಕೆಳಗೆ, ಬಲಕ್ಕೆ ಬೇಕಾದರೂ ದಾರಿ ಇದೆ.

ಹೊತ್ತು ಹಿಡಿಯುವುದು ಆಮೇಲೆ. ಕಂಬಸಾಲಿನ ತಲೆಯ ಮೇಲೆ "ಮೋಡ ಕವಿದ ದಿನ" ಅಂತ ಬಂದರೆ ಆ ಸಾಲು ಅಷ್ಟೂ ಅಗಲವಾಗಿ, ಕೆಳಗಿನ 0.2 ನಡುವೆ ಒಂಟಿಯಾಗುತ್ತದೆ. ಅಕ್ಷರ ಚಿಕ್ಕದು ಮಾಡಬೇಕು, ಇಲ್ಲವೇ ಹೆಸರನ್ನು ಉದ್ದಕ್ಕೆ ನಿಲ್ಲಿಸಬೇಕು. ಕನ್ನಡದ ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಒಂದೊಂದೇ ನೋಡಬೇಕು. ಕೆಲವು ಜರ್ನಲ್‌ನವರು ಈ ಪ್ಯಾಕೇಜ್ ಬೇಡ ಅನ್ನುತ್ತಾರೆ. ಆಗ ಅದೇ ಮ್ಯಾಟ್ರಿಕ್ಸನ್ನು ಹಳೇ ರೀತಿಯಲ್ಲಿ ಮತ್ತೆ ಕಟ್ಟಬೇಕು. ಆ ಎರಡನೇ ಕೆಲಸಕ್ಕೆ ನಾವು ಇಲ್ಲಿಯವರೆಗೆ ಒಂದು ಪೈಸೆ ಕೇಳಿಲ್ಲ. ಆದರೂ "ಜಾಸ್ತಿ ತಗೋತಾರೆ" ಅನ್ನುವ ಮಾತು ನಮ್ಮ ಮೇಲೇ ಬರುತ್ತದೆ.

ಹೆಸರು ಸುಮ್ನೆ ಅಲಂಕಾರಕ್ಕಲ್ಲ. ನಾಳೆಯ ಹವಾಮಾನದ ಸಂಭವನೀಯತೆ ತೋರಿಸುವ ಒಂದು ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಇವತ್ತು ಬಿಸಿಲು ಇದ್ದರೆ ನಾಳೆ ಬಿಸಿಲು 0.8, ಮಳೆ 0.2, ಇವತ್ತು ಮಳೆ ಇದ್ದರೆ ನಾಳೆ ಬಿಸಿಲು 0.4, ಮಳೆ 0.6. ಹೆಸರು ತೆಗೆದುಬಿಡಿ: 0.4 ಅನ್ನುವುದು ಮಳೆಯಿಂದ ಬಿಸಿಲಿಗೋ, ಬಿಸಿಲಿನಿಂದ ಮಳೆಗೋ, ಓದುವವರಿಗೆ ಹೇಗೆ ತಿಳಿಯಬೇಕು? ಇಂಥ ಮ್ಯಾಟ್ರಿಕ್ಸ್ ಬಂದರೆ ಪ್ರತಿ ಅಡ್ಡಸಾಲಿನ ಮೊತ್ತ 1 ಆಗುತ್ತದೆಯೋ ಇಲ್ಲವೋ ಕೂಡಿ ನೋಡಿಯೇ ಪ್ರೂಫ್ ಕೊಡುತ್ತೇವೆ. ಬಿಲ್‌ನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಆದರೆ ಈ ಕೆಲಸ ನಮಗೆ ಹೆಮ್ಮೆಯದು, ಬಿಡುವುದಿಲ್ಲ.

ಈಗಾಗಲೇ ಕೆಲಸ ಕೊಟ್ಟವರಿಗೆ ಹಳೇ ದರವೇ. ಅದೇ ಹೆಸರುಗಳ ಮ್ಯಾಟ್ರಿಕ್ಸ್ ಮತ್ತೆ ಮತ್ತೆ ಬಂದರೆ ಮೊದಲನೆಯದಕ್ಕೆ ಮಾತ್ರ ಬಿಲ್. ಹಸ್ತಪ್ರತಿ ಕೊಡುವಾಗ ಹೆಸರುಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ, ನಮಗೆ ಅರ್ಧ ಕೆಲಸ ಹಗುರ. ವೈವಾ ಹತ್ತಿರ ಬಂದು ಗಾಬರಿಯಾಗಿದ್ದರೆ ಸಂಜೆ ಅಂಗಡಿಗೇ ಬನ್ನಿ. ಪಕ್ಕದಲ್ಲಿ ಕೂತು ನೋಡಿ, ಅಲ್ಲೇ ತಿದ್ದಿಕೊಡುತ್ತೇವೆ.

ನಿಮ್ಮ,
ಟೈಪ್‌ಸೆಟಿಂಗ್ ಅಂಗಡಿಯವರು