ಅರ್ಜಿದಾರರ ಮಾಹಿತಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಸ್ನಾತಕೋತ್ತರ ಪದವಿಗೆಂದು ನನ್ನ ಮಗಳು ವಿಶ್ವವಿದ್ಯಾಲಯವೊಂದಕ್ಕೆ ಆನ್‌ಲೈನ್ ಅರ್ಜಿ ಸಲ್ಲಿಸಿದ ಎರಡೇ ವಾರದಲ್ಲಿ, ಅವಳ ಅಂಕ, ಜಾತಿ, ಆದಾಯದ ವಿವರಗಳನ್ನೆಲ್ಲ ಪಾಠ ಒಪ್ಪಿಸಿದಂತೆ ಹೇಳುತ್ತ, ಸೀಟಿಗಾಗಿ ಮುಂಗಡ ಹಣ ಕಟ್ಟುವಂತೆ ಒತ್ತಾಯಿಸುವ ಅಪರಿಚಿತರ ಕರೆಗಳು ಬರತೊಡಗಿದವು. ಹಾಸನದಿಂದ ಅಲ್ಲಿಯವರೆಗೂ ಹೋಗಿ ವಿಚಾರಿಸಿದಾಗ, ಮಾಹಿತಿ ಸೋರಿಕೆಯಾಗಿರುವುದನ್ನು ಸಿಬ್ಬಂದಿಯೊಬ್ಬರು ಮೆಲುದನಿಯಲ್ಲಿ ಒಪ್ಪಿಕೊಂಡರೇ ಹೊರತು ಲಿಖಿತವಾಗಿ ಒಂದು ಸಾಲನ್ನೂ ಕೊಡಲಿಲ್ಲ. ಪಾಸ್‌ವರ್ಡನ್ನು ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಬದಲಿಸುವುದು ಹೇಗೆ?

ಇಂತಹ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಘಟಕವಾದ ಸರ್ಟ್‌-ಇನ್‌ ಸಂಸ್ಥೆಗೆ ವರದಿ ಮಾಡಬೇಕೆಂಬ ನಿರ್ದೇಶನ 2022ರಿಂದಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಬಾಧಿತರಿಗೂ ವಿಷಯ ತಿಳಿಸಬೇಕೆಂದು ವಿಧಿಸಿ, ಸುರಕ್ಷತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವನ್ನು ನಿಗದಿಪಡಿಸಿದೆಯಾದರೂ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಮತ್ತೆ 18 ತಿಂಗಳ ಕಾಲಾವಕಾಶ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಶುಲ್ಕ ಪಾವತಿಯ ಕೊನೆಯ ದಿನವನ್ನು ತಪ್ಪದೆ ಮೊಬೈಲ್ ಸಂದೇಶದಲ್ಲಿ ನೆನಪಿಸುವ ವಿಶ್ವವಿದ್ಯಾಲಯಗಳಿಗೆ ಸೋರಿಕೆಯ ಸುದ್ದಿಯನ್ನೂ ಹಾಗೆಯೇ ತಿಳಿಸುವುದು ಕಷ್ಟವೇನಲ್ಲ. ಪ್ರವೇಶ ಸಿಗದವರ ದಾಖಲೆಗಳನ್ನು ವರ್ಷಗಟ್ಟಲೆ ಸರ್ವರ್‌ನಲ್ಲಿ ಇಟ್ಟುಕೊಳ್ಳದೆ, ಪ್ರಕ್ರಿಯೆ ಮುಗಿದೊಡನೆ ಅಳಿಸಿಹಾಕುವಂತೆ ಉನ್ನತ ಶಿಕ್ಷಣ ಇಲಾಖೆಯು ಸುತ್ತೋಲೆ ಹೊರಡಿಸಬೇಕು.

– ಒಬ್ಬ ಪೋಷಕ, ಹಾಸನ