ಗೆದ್ದೆತ್ತಿನ ಬಾಲ

ಪ್ರೀತಿಯ ತಮ್ಮ,

ಇಟಲಿಯ ಬೆರ್ಗಮೊ ಊರಿನ ಫುಟ್‌ಬಾಲ್ ಕ್ಲಬ್ಬು ಅಟಲಾಂಟಾದ 2023-24ರ ಸೀಸನ್ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಸ್ಕೋರುಗಳೆಲ್ಲ ಸರಿಯಾಗಿವೆ. ಇಟಲಿಯ ಹೆಸರುಗಳನ್ನು ನಾಲಿಗೆ ತೊಡರದ ಹಾಗೆ ಕನ್ನಡದಲ್ಲಿ ಬರೆದಿದ್ದೀಯ, ಅದೂ ಸಣ್ಣ ಕೆಲಸವಲ್ಲ. ಹೊಗಳಿಕೆ ಇಷ್ಟು ಸಾಕು. ಇನ್ನು ಬಯ್ಯುವ ಭಾಗಕ್ಕೆ ಬರುತ್ತೇನೆ.

ನಿನ್ನ ಮೊದಲ ಪ್ಯಾರಾದಲ್ಲೇ ಡಬ್ಲಿನ್, ಅಂದರೆ ಮೇ 22ರ ಯುರೋಪಾ ಲೀಗ್ ಫೈನಲ್, ಬಂದುಬಿಟ್ಟಿದೆ. ಕಪ್ ಎತ್ತಿದ್ದೂ ಆಯಿತು, ಅಭಿಮಾನಿಗಳು ಅತ್ತದ್ದೂ ಆಯಿತು. ಆಮೇಲೆ ಆಗಸ್ಟಿಗೆ ಹಿಂದೆ ಹೋಗಿ ಒಂದೊಂದೇ ಪಂದ್ಯ ಹೇಳುತ್ತಾ ಬರುತ್ತೀಯ. ಗೆದ್ದರೆ ಅದು ಕಪ್‌ಗೆ ಹತ್ತುವ ಮೆಟ್ಟಿಲು. ಸೋತರೆ ‘ತಂಡಕ್ಕೆ ಒಳ್ಳೆಯ ಪಾಠ’. ಗೆದ್ದೆತ್ತಿನ ಬಾಲ ಹಿಡಿಯೋದು ಅಂತಾರಲ್ಲ, ಆಟದ ಬರಹದಲ್ಲಿ ಅದು ಹೀಗೇ ಕಾಣಿಸುತ್ತದೆ. ಆ ಬಾಲ ಬಿಡು. ಆ ದಿನ ಯಾರಿಗೂ ಗೊತ್ತಿರದ ಸಂಗತಿ ನಿನ್ನ ವಾಕ್ಯಕ್ಕೂ ಗೊತ್ತಿರಬಾರದು. ಈ ಪತ್ರದಲ್ಲಿ ನಾನು ಹೇಳೋಕೆ ಹೊರಟಿರುವುದು ಇದೊಂದೇ.

ಈ ಚಾಳಿ ನಿನ್ನೊಬ್ಬನದಲ್ಲ. ನಮ್ಮ ಕನ್ನಡ ಪತ್ರಿಕೆಗಳಿಗೆ ಯುರೋಪಿನ ಫುಟ್‌ಬಾಲ್ ಯಾವಾಗಲೂ ತಡವಾಗಿಯೇ ಬಂದದ್ದು. ಡಬ್ಲಿನ್ ಫೈನಲ್ ಶುರುವಾದಾಗ ನಮಗೆ ಮಧ್ಯರಾತ್ರಿ ಹನ್ನೆರಡೂವರೆ. ಅಷ್ಟು ಹೊತ್ತಿಗೆ ಕ್ರೀಡಾಪುಟ ಪ್ರಿಂಟಿಗೆ ಹೋಗಿಯೇ ಬಿಟ್ಟಿರುತ್ತದೆ. ಮಾರನೇ ದಿನ ಡೆಸ್ಕಿನಲ್ಲಿ ಕೂತವನ ಕೈಗೆ ಸಿಗೋದು ಫಲಿತಾಂಶ ಮಾತ್ರ. ಹಾಗಾಗಿ ಫಲಿತಾಂಶದಿಂದಲೇ ಶುರು ಮಾಡೋದು ನಮಗೆ ಅಭ್ಯಾಸ ಆಗಿಹೋಗಿದೆ. ನಿನಗೆ ಆ ಕಷ್ಟ ಇಲ್ಲ. ಪಂದ್ಯವನ್ನು ನೇರವಾಗಿ ನೋಡುತ್ತೀಯ. ನೋಡಿದವನ ಹಾಗೆ ಬರಿ.

ಮೇ 15ನ್ನು ತೆಗೆದುಕೋ. ರೋಮ್‌ನಲ್ಲಿ ಇಟಲಿಯ ಕ್ಲಬ್ಬುಗಳ ಕಪ್ ಆದ ಕೊಪ್ಪಾ ಇಟಾಲಿಯಾ ಫೈನಲ್, ಎದುರಿಗೆ ಯುವೆಂಟಸ್. ನಾಲ್ಕನೇ ನಿಮಿಷಕ್ಕೇ ಯುವೆಂಟಸ್‌ನ ವ್ಲಾಹೊವಿಚ್ ಗೋಲು ಹೊಡೆದ. ಉಳಿದ ಹೊತ್ತೆಲ್ಲ ಅಟಲಾಂಟಾ ತಡಕಾಡಿತು. ತಂಡದ ಸ್ಟ್ರೈಕರ್ ಸ್ಕಮಾಕ್ಕಾ ಅಮಾನತಿನಲ್ಲಿದ್ದ. ಡಿ ರೂನ್ ಗಾಯಗೊಂಡು ಹೊರಗೆ ಹೋದ. 1-0. ಗ್ಯಾಸ್ಪೆರಿನಿ ಕೋಚ್ ಆಗಿ ಬಂದದ್ದು 2016ರಲ್ಲಿ. ಆಮೇಲೆ ಇದೇ ಕಪ್‌ನ ಫೈನಲ್‌ನಲ್ಲಿ 2019ರಲ್ಲಿ ಲಾಜಿಯೊ ಎದುರು ಸೋಲು, 2021ರಲ್ಲಿ ಯುವೆಂಟಸ್ ಎದುರು ಸೋಲು, ಈಗ ಮೂರನೆಯದು. ಮನುಷ್ಯನಿಗೆ 66 ವರ್ಷ, ದೊಡ್ಡ ಕಪ್ ಒಂದೂ ಇಲ್ಲ. ಕ್ಲಬ್ಬಿನದೂ ಅದೇ ಕತೆ. 1907ರಲ್ಲಿ ಹುಟ್ಟಿದ ಕ್ಲಬ್ಬು, ಹೇಳಿಕೊಳ್ಳುವಂಥ ಕಪ್ ಅಂತ ಇದ್ದದ್ದು 1963ರ ಕೊಪ್ಪಾ ಇಟಾಲಿಯಾ ಒಂದೇ.

ಆ ರಾತ್ರಿ ನೀನು ರೋಮ್‌ನಲ್ಲಿ ಕೂತು ಬರೆಯಬೇಕಾಗಿದ್ದರೆ ಏನು ಬರೆಯುತ್ತಿದ್ದೆ ಹೇಳು? ‘ಆಟ ಚೆಂದ, ಕೈಗೆ ಮಾತ್ರ ಏನೂ ಸಿಗದ ತಂಡ’ ಅಂತಲೇ ತಾನೆ? ಅದು ತಪ್ಪಲ್ಲ. ಆ ರಾತ್ರಿಗೆ ಅದೇ ಸತ್ಯ. ಆದರೆ ನಿನ್ನ ಬರಹದಲ್ಲಿ ಮೇ 15ಕ್ಕೆ ಸಿಕ್ಕಿರುವುದು ಒಂದೂವರೆ ಸಾಲು: ‘ಈ ಸೋಲು ತಂಡದ ಛಲ ಹೆಚ್ಚಿಸಿತು’. ಯಾರು ಹೇಳಿದ್ದು ನಿನಗೆ? ಏಳು ದಿನ ಬಿಟ್ಟು ಗೆದ್ದರು ಅಂತ ಗೊತ್ತಿದ್ದರಿಂದ ಛಲ ಅಂತ ಬರೆದೆ. ಡಬ್ಲಿನ್‌ನಲ್ಲೂ ಸೋತಿದ್ದರೆ ಅದೇ ಪಂದ್ಯಕ್ಕೆ ‘ಎದೆಗುಂದಿದರು’ ಅಂತ ಬರೆಯುತ್ತಿದ್ದೆ, ಅಲ್ವಾ?

ಅದೇ ಪಂದ್ಯದಲ್ಲಿ ಇನ್ನೊಂದು ವಿಷಯ ಇದೆ. ಅದನ್ನು ನೀನು ಮುಟ್ಟಿಯೇ ಇಲ್ಲ. ಯುವೆಂಟಸ್‌ನ ಕೋಚ್ ಅಲ್ಲೆಗ್ರಿ ಕೊನೆಯ ಹೊತ್ತಿನಲ್ಲಿ ರೆಫರಿಗಳ ಮೇಲೆ ರೇಗಾಡಿ ರೆಡ್ ಕಾರ್ಡ್ ತಗೊಂಡ. ಕಪ್ ಗೆದ್ದ. ಎರಡು ದಿನಕ್ಕೆ, ಮೇ 17ರಂದು, ಕ್ಲಬ್ಬು ಅವನನ್ನು ಮನೆಗೆ ಕಳಿಸಿತು. ಫೈನಲ್ ಗೆದ್ದವನ ಕೆಲಸ ಹೋಯಿತು, ಸೋತವನು ಮುಂದಿನ ವಾರ ಯುರೋಪಿನ ಕಪ್ ಹಿಡಿದು ನಿಂತ. ಇಂಥದ್ದು ಕಾಲಡಿಯಲ್ಲೇ ಬಿದ್ದಿರುವಾಗ ಛಲ, ಕಿಚ್ಚು ಅಂತೆಲ್ಲ ಯಾಕಪ್ಪ ಹುಡುಕಿಕೊಂಡು ಹೋಗೋದು?

ಏಪ್ರಿಲ್ ನೋಡು. ಇಡೀ ಸೀಸನ್ನಿನಲ್ಲಿ ನನಗೆ ಇಷ್ಟವಾದ ತಿಂಗಳು ಅದು. ಏಪ್ರಿಲ್ 7ಕ್ಕೆ ಕಾಲ್ಯಾರಿಯಲ್ಲಿ ಅಟಲಾಂಟಾ 2-1ರಿಂದ ಸೋತಿತು. ಕಾಲ್ಯಾರಿ ಅಂದರೆ ಲೀಗಿನಿಂದ ಕೆಳಗೆ ಬೀಳದಿದ್ದರೆ ಸಾಕು ಅಂತ ಆಡುತ್ತಿದ್ದ ತಂಡ. ನಾಲ್ಕು ದಿನಕ್ಕೆ ಯುರೋಪಾ ಲೀಗಿನ ಪಂದ್ಯ, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ. ಕೋಚ್ ಕ್ಲಾಪ್‌ಗೆ ಲಿವರ್‌ಪೂಲ್‌ನಲ್ಲಿ ಅದು ಕೊನೆಯ ಸೀಸನ್. ಯುರೋಪಾ ಲೀಗ್ ಫೈನಲ್ಲಿನಲ್ಲೇ ಅವರಿಗೆ ಬೀಳ್ಕೊಡುಗೆ ಅಂತ ಅಲ್ಲಿನ ಜನ ಕನಸು ಕಾಣುತ್ತಿದ್ದರು. ಅಲ್ಲಿ ಸ್ಕಮಾಕ್ಕಾ ಎರಡು, ಪಸಾಲಿಚ್ ಒಂದು. 3-0. ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಸರಿ, ಅಲ್ಲಿಂದ ಮುಂದೆ ಏರುತ್ತಲೇ ಹೋದರಾ? ಇಲ್ಲ. ಇನ್ನೂ ನಾಲ್ಕು ದಿನಕ್ಕೆ, ಸ್ವಂತ ಮೈದಾನದಲ್ಲಿ, ವೆರೋನಾ ಎದುರು 2-0 ಮುಂದಿದ್ದವರು 2-2 ಮಾಡಿಕೊಂಡರು. ನೀನು ಆನ್‌ಫೀಲ್ಡ್‌ಗೆ ಎರಡು ಪ್ಯಾರಾ ಕೊಟ್ಟು ವೆರೋನಾವನ್ನು ಬಿಟ್ಟೇಬಿಟ್ಟಿದ್ದೀಯ. ಸೀಸನ್ ಅಂದರೆ ವೆರೋನಾನೂ ಹೌದು, ಮಾರಾಯ. ಗುರುವಾರ ಲಿವರ್‌ಪೂಲನ್ನು ಹಣ್ಣುಗಾಯಿ ಮಾಡಿದ ಕಾಲುಗಳು ಸೋಮವಾರ ಯಾಕೆ ಓಡಲಿಲ್ಲ ಅನ್ನೋದನ್ನು ಯೋಚಿಸಿದರೆ ಆ ತಂಡದ ಆಟವೇ ನಿನಗೆ ಅರ್ಥವಾಗುತ್ತಿತ್ತು.

ಯಾಕೆಂದರೆ ಗ್ಯಾಸ್ಪೆರಿನಿ ಆಡಿಸೋದು ಹಾಗೆ. ಮೈದಾನದ ತುಂಬ ಒಬ್ಬನಿಗೆ ಒಬ್ಬ. ತಮ್ಮ ಜಾಗ ಕಾದುಕೊಂಡು ನಿಲ್ಲೋದಿಲ್ಲ. ಮದುವೆ ಮನೆಯಲ್ಲಿ ಸಾಲ ಕೊಟ್ಟವನು ಸಾಲಗಾರನ ಹಿಂದೆ ತಿರುಗಿದ ಹಾಗೆ, ಎದುರಾಳಿ ಎಲ್ಲಿ ಹೋದರೆ ಅಲ್ಲಿಗೆ ಹೋಗೋದು. ಹಿಂದೆ ಆಡುವ ಡಿಫೆಂಡರ್ ಕೂಡ ತನ್ನ ಮನುಷ್ಯನ ಬೆನ್ನು ಹತ್ತಿ ಎದುರು ತಂಡದ ಅರ್ಧದವರೆಗೂ ಹೋಗಿಬಿಡುತ್ತಾನೆ. ಕಾಲಲ್ಲಿ ಕಸುವಿದ್ದ ದಿನ ಎದುರಿನವರಿಗೆ ಉಸಿರಾಡೋಕೂ ಆಗೋದಿಲ್ಲ. ಕಸುವಿಲ್ಲದ ದಿನ ಹಿಂದುಗಡೆಯೆಲ್ಲ ಬಯಲು. ಹೀಗೆ ಆಡುವವರು ಆ ಸೀಸನ್ನಿನಲ್ಲಿ ಲೀಗಿನ 38, ಯುರೋಪಿನ 13, ಕೊಪ್ಪಾದ 5, ಒಟ್ಟು 56 ಪಂದ್ಯ ಆಡಿದರು. ಲೀಗಿನಲ್ಲಿ 21 ಗೆಲುವು, 6 ಡ್ರಾ, 11 ಸೋಲು. ಆ 11 ನಿನ್ನ ಬರಹದಲ್ಲಿ ಎಲ್ಲೂ ಕಾಣಲಿಲ್ಲ.

ಅಂಕಿ ಹಾಕಬೇಡ ಅಂತಲ್ಲ. ಹಾಕು. ಆದರೆ ಅಂಕಿ ಒಬ್ಬ ಮನುಷ್ಯನಿಗೆ ತಾಗಬೇಕು. ಲೀಗಿನ ನಾಲ್ಕನೇ ಸ್ಥಾನ, ಐದನೇ ಸ್ಥಾನದ ಲೆಕ್ಕವನ್ನು ನೀನು ಒಣಒಣವಾಗಿ ಬರೆದಿದ್ದೀಯ. ಅದನ್ನೇ ರೋಮಾದ ಅಭಿಮಾನಿಯ ಕಡೆಯಿಂದ ನೋಡು. ಆ ವರ್ಷ ಇಟಲಿಗೆ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗಿನಲ್ಲಿ ಐದು ಜಾಗ ಸಿಕ್ಕಿತ್ತು. ರೋಮಾ ಇದ್ದದ್ದು ಆರನೇ ಸ್ಥಾನದಲ್ಲಿ. ಅಟಲಾಂಟಾ ಯುರೋಪಾ ಲೀಗ್ ಗೆದ್ದು, ಲೀಗಿನಲ್ಲಿ ಐದನೆಯದಾಗಿ ಮುಗಿಸಿದರೆ ಮಾತ್ರ ಆರನೆಯವರಿಗೂ ಬಾಗಿಲು ತೆರೆಯುತ್ತಿತ್ತು. ಅಂದರೆ ರೋಮಾದವನು ಅಟಲಾಂಟಾ ಡಬ್ಲಿನ್‌ನಲ್ಲಿ ಗೆಲ್ಲಲಿ ಅಂತ ಒಂದು ಹರಕೆ, ಇಟಲಿಯಲ್ಲಿ ಮುಗ್ಗರಿಸಲಿ ಅಂತ ಇನ್ನೊಂದು ಹರಕೆ ಹೊರಬೇಕು. ಸಾಲದ್ದಕ್ಕೆ ರೋಮಾವನ್ನು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದ್ದೂ ಡಬ್ಲಿನ್‌ನಲ್ಲಿ ಅಟಲಾಂಟಾಕ್ಕೆ ಎದುರಾದ ಜರ್ಮನಿಯ ಲೆವರ್‌ಕುಸೆನ್ ತಂಡವೇ. ಮೊದಲನೇ ಹರಕೆ ಫಲಿಸಿತು. ಮೇ 26ಕ್ಕೆ ಅಟಲಾಂಟಾ ಟೊರಿನೊವನ್ನು 3-0 ಸೋಲಿಸಿ 69 ಅಂಕಕ್ಕೆ ಹೋಯಿತು, ಬೊಲೊನ್ಯಾ 68ಕ್ಕೆ ನಿಂತಿತ್ತು. ಎರಡನೇ ಹರಕೆ ಅಲ್ಲಿಗೆ ಮುಗಿಯಿತು. ಹೀಗೆ ಹೇಳಿದರೆ ಫುಟ್‌ಬಾಲ್ ನೋಡದವರೂ ನಗುತ್ತಾ ಓದುತ್ತಾರೆ.

ಈಗ ಡಬ್ಲಿನ್. ಲೆವರ್‌ಕುಸೆನ್ 51 ಪಂದ್ಯಗಳಿಂದ ಸೋಲನ್ನೇ ಕಂಡಿರಲಿಲ್ಲ. ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ಬಚಾವಾಗೋದು ಅವರಿಗೆ ರೂಢಿಯೇ ಆಗಿತ್ತು. ಇದನ್ನು ನೀನು ಬರೆದಿದ್ದೀಯ, ಚೆನ್ನಾಗಿಯೇ ಬರೆದಿದ್ದೀಯ. ಆದರೆ ಗೋಲುಗಳಿಗೆ ಬಂದಾಗ ‘12, 26 ಮತ್ತು 75ನೇ ನಿಮಿಷಗಳಲ್ಲಿ ಲುಕ್‌ಮನ್ ಅದ್ಭುತ ಗೋಲು’ ಅಂತ ಮುಗಿಸಿಬಿಟ್ಟೆ. ಅದ್ಭುತ ಅನ್ನೋ ಪದ ಹೊಡೆದು ಹಾಕು. ಒಂದೇ ಒಂದು ಗೋಲಿನ ಹತ್ತಿರ ಹೋಗಿ ನಿಲ್ಲು. ನನಗಾದರೆ ಮೊದಲನೆಯದು ಸಾಕು. ಬಲಗಡೆಯಿಂದ ಜಪ್ಪಕೋಸ್ಟಾ ಚೆಂಡನ್ನು ನೆಲದಲ್ಲೇ ಒಳಗೆ ಕಳಿಸುತ್ತಾನೆ. ಲೆವರ್‌ಕುಸೆನ್‌ನ ಪಲಾಸಿಯೊಸ್ ಅದು ತನ್ನ ಕಾಲಿಗೇ ಬರುತ್ತದೆ ಅಂತ ಕಾಯುತ್ತಾನೆ. ತಪ್ಪೇನಿಲ್ಲ, ಅದು ಬರುತ್ತಿದ್ದದ್ದೂ ಅವನ ಕಡೆಗೇ. ಲುಕ್‌ಮನ್ ಇರೋದು ಅವನ ಬೆನ್ನ ಹಿಂದೆ. ಅಲ್ಲಿಂದ ಓಡಿಬಂದು, ಅವನ ಮುಂದೆ ನುಗ್ಗಿ ಹೊಡೆದೇಬಿಟ್ಟ. ಹಿಂದೊಬ್ಬ ಇದ್ದಾನೆ ಅಂತ ಪಲಾಸಿಯೊಸ್‌ಗೆ ಗೊತ್ತಾಗುವಷ್ಟರಲ್ಲಿ ಚೆಂಡು ಬಲೆಯಲ್ಲಿ. 51 ಪಂದ್ಯಗಳ ಲೆಕ್ಕ ಮುರಿಯೋಕೆ ಶುರುವಾದದ್ದು ಹೀಗೆ, ಒಬ್ಬ ಕಾದ, ಇನ್ನೊಬ್ಬ ಕಾಯಲಿಲ್ಲ. ಎರಡನೆಯದರಲ್ಲಿ ಅವನು ಶಾಕಾನ ಕಾಲುಗಳ ನಡುವಿಂದ ಚೆಂಡು ತೂರಿಸಿಕೊಂಡು ಹೋಗಿ ದೂರದಿಂದ ಹೊಡೆದದ್ದು ನೋಡೋಕೆ ಜಾಸ್ತಿ ಚೆಂದ, ನಿಜ. ಮೂರನೆಯದು ಎಡಗಾಲಿನದು. ಅವೆರಡಕ್ಕೂ ಒಂದೊಂದು ಸಾಲು ಸಾಕು. ಎಲ್ಲವನ್ನೂ ಹತ್ತಿರದಿಂದ ತೋರಿಸಲು ಹೋದರೆ ಯಾವುದೂ ಕಾಣೋದಿಲ್ಲ.

ಲುಕ್‌ಮನ್ ಬಗ್ಗೆ ಒಂದು ಎಚ್ಚರಿಕೆ. 2020ರ ನವೆಂಬರಿನಲ್ಲಿ ಫುಲ್‌ಹ್ಯಾಮ್‌ಗೆ ಆಡುವಾಗ ವೆಸ್ಟ್ ಹ್ಯಾಮ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸಿಕ್ಕ ಪೆನಾಲ್ಟಿಯನ್ನು ಮೆತ್ತಗೆ ಮೇಲೆತ್ತಿ ಹೊಡೆಯೋಕೆ ಹೋಗಿ ಗೋಲಿಯ ಕೈಗಿಟ್ಟಿದ್ದ. ಆ ಪೆನಾಲ್ಟಿಯನ್ನು ಡಬ್ಲಿನ್ ಪಕ್ಕದಲ್ಲಿಟ್ಟು ‘ಅಂದು ಅವಮಾನ, ಇಂದು ಸನ್ಮಾನ’ ಅಂತ ಬರೆದಿದ್ದೀಯ. ಪ್ರಾಸ ಚೆನ್ನಾಗಿದೆ, ಸಿನಿಮಾ ಪೋಸ್ಟರಿಗೆ. ನಡುವಿನ ಮೂರೂವರೆ ವರ್ಷ ಎಲ್ಲಿ ಹೋಯಿತು? ಬೆರ್ಗಮೊಗೆ ಬಂದ ಮೇಲೆ ಅವನಿಗೆ ಗೋಲಿನ ಹತ್ತಿರ ಆಡೋಕೆ ಬಿಟ್ಟದ್ದು ಗ್ಯಾಸ್ಪೆರಿನಿ. ಆ ಕೆಲಸವನ್ನು ಹೇಳು. 2024ರ ಕೊನೆಯಲ್ಲಿ ಅವನಿಗೆ ಆಫ್ರಿಕಾದ ವರ್ಷದ ಆಟಗಾರ ಪ್ರಶಸ್ತಿ ಬಂತು. ಆದರೆ ಅದು ಈ ಸೀಸನ್ನಿನ ಆಚೆಗಿನದು, ಈ ಬರಹಕ್ಕೆ ಬೇಡ.

ಇನ್ನೊಂದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. 2020ರ ಫೆಬ್ರುವರಿ 19ರಂದು ಅಟಲಾಂಟಾ-ವೆಲೆನ್ಸಿಯಾ ಪಂದ್ಯ ಮಿಲಾನಿನ ಸ್ಯಾನ್ ಸಿರೊದಲ್ಲಿ ನಡೆಯಿತು. 40 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮುಂದಿನ ತಿಂಗಳು ಬೆರ್ಗಮೊದಿಂದ ಕೊರೊನಾಕ್ಕೆ ಬಲಿಯಾದವರ ಶವಪೆಟ್ಟಿಗೆಗಳನ್ನು ಸೇನೆಯ ಟ್ರಕ್ಕುಗಳಲ್ಲಿ ಸಾಗಿಸಿದ ಚಿತ್ರ ನಾವೆಲ್ಲ ನೋಡಿದ್ದೇವೆ. ನೀನು ಅದನ್ನು ತಂದು ‘ಈ ಕಪ್ ಆ ಊರಿನ ಕಣ್ಣೀರು ಒರೆಸಿತು’ ಅಂದಿದ್ದೀಯ. ತೆಗೆದುಬಿಡು. ಅಪ್ಪನನ್ನು ಕಳೆದುಕೊಂಡವಳಿಗೆ ಯಾವ ಕಪ್ ಏನನ್ನು ಒರೆಸುತ್ತದೆ? ಸತ್ತವರನ್ನು ಕರೆದು ತಂದು ನಮ್ಮ ಪ್ಯಾರಾಕ್ಕೆ ತೂಕ ಕೊಡಬಾರದು. ಊರಿಗೂ ತಂಡಕ್ಕೂ ಇರುವ ನಂಟು ಹೇಳಬೇಕಿದ್ದರೆ ಬೇರೆ ದಾರಿ ಇದೆ. ಬೆರ್ಗಮೊದ ಆಸ್ಪತ್ರೆಗಳಲ್ಲಿ ಹುಟ್ಟುವ ಕೂಸುಗಳಿಗೆ ಕ್ಲಬ್ಬಿನ ಕಡೆಯಿಂದ ಒಂದು ಪುಟ್ಟ ನೀಲಿ-ಕಪ್ಪು ಜೆರ್ಸಿ ಕೊಡುತ್ತಾರೆ. ಕಣ್ಣು ಬಿಡುವ ಮೊದಲೇ ಪಕ್ಷಕ್ಕೆ ಸೇರಿಸಿಕೊಂಡ ಹಾಗೆ! ಪಕ್ಕದಲ್ಲೇ ಮಿಲಾನ್, ಅಲ್ಲಿ ಎರಡು ದೊಡ್ಡ ಕ್ಲಬ್ಬು. ಮಕ್ಕಳನ್ನು ಹಿಡಿದಿಟ್ಟುಕೊಳ್ಳೋಕೆ ಇವರೂ ಏನಾದರೂ ಮಾಡಬೇಕಲ್ಲ.

ಕೊನೆಯದಾಗಿ, ನಿನ್ನ ಬರಹ ಮೇ 22ಕ್ಕೆ ಮುಗಿಯುತ್ತದೆ. ಸೀಸನ್ ಮುಗಿದದ್ದು ಜೂನ್ 2ಕ್ಕೆ. ಮಾರ್ಚ್ 17ರಂದು ಬೆರ್ಗಮೊದಲ್ಲಿ ಫಿಯೊರೆಂಟಿನಾ ಜೊತೆ ಪಂದ್ಯ ಇತ್ತು. ಆ ದಿನ ಫಿಯೊರೆಂಟಿನಾದ ಜನರಲ್ ಡೈರೆಕ್ಟರ್ ಜೋ ಬರೋನೆ ಕುಸಿದುಬಿದ್ದರು, ಪಂದ್ಯ ಮುಂದಕ್ಕೆ ಹೋಯಿತು. ಎರಡು ದಿನಕ್ಕೆ ಅವರು ತೀರಿಕೊಂಡರು. ಆ ಪಂದ್ಯಕ್ಕೆ ಜಾಗ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅಟಲಾಂಟಾ ಒಂದು ಯುರೋಪಿಯನ್ ಕಪ್ ಗೆದ್ದಿತ್ತು, ಫಿಯೊರೆಂಟಿನಾ ಮೇ 29ಕ್ಕೆ ಇನ್ನೊಂದರ ಫೈನಲ್ಲಿನಲ್ಲಿ ಒಲಿಂಪಿಯಾಕೋಸ್‌ಗೆ ಸೋತು ಬಂದಿತ್ತು. ಜೂನ್ 2ರ ಆ ಪಂದ್ಯ ಗೆದ್ದಿದ್ದರೆ ಅಟಲಾಂಟಾ ಯುವೆಂಟಸ್‌ನ 71 ಅಂಕ ದಾಟಿ ಮೂರನೇ ಸ್ಥಾನಕ್ಕೆ ಹೋಗುತ್ತಿತ್ತು. ಗೆದ್ದದ್ದು ಫಿಯೊರೆಂಟಿನಾ, 3-2. ಕಪ್ ಗೆದ್ದವರ ಸೀಸನ್ ಸ್ವಂತ ಊರಿನಲ್ಲಿ ಸೋಲಿನೊಂದಿಗೆ ಮುಗಿಯಿತು. ನಿನ್ನ ಬರಹದಲ್ಲಿ ಇದರ ಸುದ್ದಿಯೇ ಇಲ್ಲ!

ಆ ಪಂದ್ಯಕ್ಕೆ ಇನ್ನೂರು ಪದ ಇಡು. ಜಾಗ ಸಾಲದಿದ್ದರೆ ಗುಂಪು ಹಂತದ ಸ್ಟರ್ಮ್ ಗ್ರಾಜ್, ರಾಕೊವ್ ಪಂದ್ಯಗಳನ್ನು ಒಂದು ಸಾಲಿಗೆ ಇಳಿಸು, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ತಿದ್ದಿ ಕಳಿಸು. ಈ ಸಲ ಮೊದಲ ಪ್ಯಾರಾ ಕಾಲ್ಯಾರಿಯಿಂದ ಶುರು ಮಾಡಿ ನೋಡು, ಓದಿ ಹೇಳುತ್ತೇನೆ.

ನಿನ್ನ,
ಅಣ್ಣ