ನಮೂದು ಪರದೆಯಿಂದ ನೇರ ಮುದ್ರಣ ನಿಲ್ಲಿಸುತ್ತಿರುವ ಕುರಿತು

ಮಾನ್ಯ ಗ್ರಾಹಕರೇ,

ನಮ್ಮ ದಾಸ್ತಾನು ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ನಮೂದು ಪರದೆಗಳ ಮೇಲಿನ ‘ಮುದ್ರಿಸು’ ಗುಂಡಿ ಇರುವುದಿಲ್ಲ. ಕಾಗದಕ್ಕೆ ಹೋಗುವುದೆಲ್ಲವೂ ಇನ್ನು ಮೇಲೆ ‘ವರದಿಗಳು’ ವಿಭಾಗದ ಮೂಲಕವೇ ಹೋಗುತ್ತದೆ. ದಿನವೂ ಆ ಗುಂಡಿಯನ್ನೇ ಒತ್ತಿ ರೂಢಿಯಾದವರಿಗೆ ಇದರಿಂದ ಕಿರಿಕಿರಿಯಾಗುವುದು ಸಹಜವಾದ್ದರಿಂದ, ಕಾರಣವನ್ನು ವಿವರವಾಗಿ ತಿಳಿಸುತ್ತಿದ್ದೇವೆ.

ಆ ಗುಂಡಿಯನ್ನು ಇಟ್ಟವರು ನಾವೇ. ಪರದೆಯಲ್ಲಿ ಕಂಡದ್ದೇ ಕಾಗದದಲ್ಲೂ ಬಂದರೆ ಸಾಕು, ಎರಡೆರಡು ವಿನ್ಯಾಸವೇಕೆ ಎಂದು ಆಗ ಎಣಿಸಿದ್ದು ನಮ್ಮ ತಪ್ಪು. ನಮೂದು ಪರದೆ ಇರುವುದು ಒಂದು ಸಲಕ್ಕೆ ಒಂದು ದಾಖಲೆಯನ್ನು ತುಂಬಲು ಮತ್ತು ತಿದ್ದಲು. ಅದರ ‘ಷರಾ’ ಅಂಕಣದಲ್ಲಿ ಹತ್ತು ಸಾಲು ಬರೆದಿದ್ದರೂ ಕಣ್ಣಿಗೆ ಕಾಣುವುದು ಮೂರೇ ಸಾಲು. ಉಳಿದದ್ದನ್ನು ಸ್ಕ್ರೋಲ್ ಮಾಡಿ ಓದಬಹುದು, ಕಾಗದದಲ್ಲಿ ಆ ಅನುಕೂಲವಿಲ್ಲ. ‘ಎರಡು ಪೆಟ್ಟಿಗೆ ಒಡೆದಿವೆ’ ಎಂಬ ಮಾತು ನಾಲ್ಕನೆಯ ಸಾಲಿನಲ್ಲಿದ್ದರೆ, ಮುದ್ರಿತ ಪ್ರತಿಯನ್ನು ನೋಡುವವರಿಗೆ ಸರಕೆಲ್ಲ ಸರಿಯಾಗಿಯೇ ಬಂದಂತೆ ತೋರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಟೈಪ್ ಮಾಡಿ ಇನ್ನೂ ಉಳಿಸದ ಅಂಕಿಯೂ ಮುದ್ರಣವಾಗಿಬಿಡುತ್ತಿತ್ತು. ಕಡತದಲ್ಲಿ ಒಂದು ಮೊತ್ತ, ಕಂಪ್ಯೂಟರಿನಲ್ಲಿ ಇನ್ನೊಂದು.

ಅಳತೆಯ ತೊಡಕೂ ಇದೆ. ಸಾಮಾನ್ಯ ಪರದೆ ಅಡ್ಡಕ್ಕೆ ಅಗಲ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಹೀಗಾಗಿ ಅಗಲವಾದ ಕೋಷ್ಟಕದ ಬಲತುದಿಯ ‘ಮೊತ್ತ’ ಅಂಕಣ ಎಷ್ಟೋ ಸಲ ಬೇರೆ ಹಾಳೆಗೆ ಹೋಗಿ ಬೀಳುತ್ತಿತ್ತು. ವರದಿಯನ್ನು ಹಾಳೆಯನ್ನು ಗಮನದಲ್ಲಿಟ್ಟೇ ರೂಪಿಸಲಾಗುತ್ತದೆ: ಅಂಕಣಗಳ ತಲೆಬರಹ ಪ್ರತಿ ಪುಟದಲ್ಲೂ ಮರುಕಳಿಸುತ್ತದೆ, ಗುಂಪುವಾರು ಉಪಮೊತ್ತ ಬರುತ್ತದೆ, ಪುಟಸಂಖ್ಯೆಯ ಜೊತೆಗೆ ಮುದ್ರಿಸಿದ ದಿನಾಂಕ ಮತ್ತು ವೇಳೆಯೂ ಇರುತ್ತದೆ. ದಾಖಲೆಯನ್ನು ನಾಳೆ ಯಾರಾದರೂ ತಿದ್ದಬಹುದಾದ್ದರಿಂದ, ಸಹಿ ಹಾಕಿ ಕಡತಕ್ಕೆ ಸೇರಿಸುವ ಹಾಳೆ ಯಾವ ಹೊತ್ತಿನದು ಎಂಬುದು ಅದರ ಮೇಲೆಯೇ ಇರಬೇಕು.

ಹಾಗೆಂದು ಎಲ್ಲವನ್ನೂ ವರದಿಗೆ ತಳ್ಳಿಲ್ಲ. ಓದಿದವರು ಮುಂದೇನು ಮಾಡುತ್ತಾರೆ ಎಂಬುದನ್ನು ನೋಡಿಯೇ ತೀರ್ಮಾನಿಸಿದ್ದೇವೆ. ಉದಾಹರಣೆಗೆ, ‘ಮುಗಿಯುತ್ತಿರುವ ಸರಕು’ ಇದುವರೆಗೆ ವರದಿಯಾಗಿತ್ತು. ಅದನ್ನು ನೋಡಿದವರು ಕೂಡಲೇ ಖರೀದಿ ಆದೇಶ ಬರೆಯಬೇಕಾಗಿರುವುದರಿಂದ ಈಗ ಪರದೆಯ ಪಟ್ಟಿಯಾಗಿದೆ, ಸಾಲಿನ ಮೇಲೆ ಒತ್ತಿದರೆ ಆದೇಶದ ಪರದೆ ತೆರೆಯುತ್ತದೆ.

ಗುಂಡಿ ಇದ್ದ ಜಾಗದಲ್ಲಿ ‘ಈ ದಾಖಲೆಯ ವರದಿ’ ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದಾಗ, ಉಳಿಸದ ಬದಲಾವಣೆಗಳಿದ್ದರೆ ಮೊದಲು ಉಳಿಸುವಂತೆ ಕೇಳಿ, ನಂತರ ಮುನ್ನೋಟವನ್ನು ತೋರಿಸುತ್ತದೆ. ಅಲ್ಲಿಂದ ಮುದ್ರಿಸಬಹುದು ಅಥವಾ ಪಿಡಿಎಫ್ ಆಗಿ ಇಟ್ಟುಕೊಳ್ಳಬಹುದು. ಒಂದು ಕ್ಲಿಕ್ ಹೆಚ್ಚಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

ಮೊದಲೇ ಅಚ್ಚು ಹಾಕಿಸಿದ ಹಾಳೆಗಳನ್ನು ಬಳಸುವವರು ಖಾಲಿ ಹಾಳೆಯೊಂದನ್ನೂ ತುಂಬಿದ ಹಾಳೆಯೊಂದನ್ನೂ ನಮಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಅಂಚು ಮತ್ತು ಅಂತರಗಳನ್ನು ಮಿಲಿಮೀಟರಿನಲ್ಲಿ ಅಳೆದು ನಿಮ್ಮ ವರದಿಯನ್ನು ಸಿದ್ಧಪಡಿಸಿಕೊಡುತ್ತೇವೆ. ಅದನ್ನು ನೀವು ಪರೀಕ್ಷಿಸಿ ಒಪ್ಪುವವರೆಗೆ ಹಳೆಯ ಆವೃತ್ತಿಯಲ್ಲೇ ಮುಂದುವರಿಯಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ತಂತ್ರಾಂಶ ವಿನ್ಯಾಸ ವಿಭಾಗ